ಚೆಲ್ಲದ ಲೋಟ

ಥಾರ್ನ್‌ಬೆಕ್, ಯಾರ್ಕ್‌ಶೈರ್
ಫೆಬ್ರುವರಿ 4, 2024

ಅಜ್ಜನ ಪಾದಗಳಿಗೆ ದುರ್ಗಾಂಬಿಕಾಳ ನಮಸ್ಕಾರ.

ಹೋದ ವಾರ ಫೋನಿನಲ್ಲಿ ನಿನ್ನ ಮಂಡಿನೋವು ಹೇಗಿದೆ ಎಂದು ಕೂಗಿ ಕೂಗಿ ಕೇಳಿದೆ. ನೀನು ಶಾಂತವಾಗಿ “ಮಳೆ ಎಲ್ಲೈತೆ ಬಿಡವ್ವ” ಎಂದೆ. ಪಕ್ಕದಲ್ಲಿದ್ದ ನಮ್ಮ ಯಜಮಾನರು ವಿನಯ್ ನಕ್ಕು ನಕ್ಕು ಸುಸ್ತಾದರು. ಕಿವಿಗೆ ಮೆಷಿನ್ ಹಾಕಿಕೊಳ್ಳಲಾರೆ ಎನ್ನುವ ನಿನ್ನ ಹಟ ನಿನ್ನದು, ಆಗಲಿ. ಇನ್ನು ಮುಂದೆ ನಮ್ಮಿಬ್ಬರಿಗೆ ಕಾಗದವೇ ಗತಿ.

ಒಂದು ಸುದ್ದಿ ಇದೆ. ನಾನು ಅಡುಗೆ ಮಾಡುವ ಹೋಟೆಲಿಗೆ ಜನ ಊಟಕ್ಕಿಂತ ಹೆಚ್ಚಾಗಿ ಬರುವುದು ಒಂದು ಪಾನೀಯಕ್ಕೆ. ಬಾರ್ಲಿ ನೆನೆಸಿ, ಮೊಳಕೆ ಬರಿಸಿ, ಹುರಿದು, ನೀರಿನಲ್ಲಿ ಕುದಿಸಿ, ಹಾಪ್ ಎಂಬ ಬಳ್ಳಿಯ ಹೂ ಹಾಕಿ ಕಹಿ ಮಾಡುತ್ತಾರೆ. ಹೆಸರೇ ಬಿಟ್ಟರ್, ಅಂದರೆ ಕಹಿ. ಇಲ್ಲಿನ ಮುದುಕರಿಗೆ ಸಂಜೆ ಅದಿಲ್ಲದೆ ಆಗದು. ಹೋದ ತಿಂಗಳು ಒಬ್ಬರಿಗೆ ತಟ್ಟೆ ಕೊಡಲು ಹೋದಾಗ ಅವರ ಲೋಟದಿಂದ ಬೆಣ್ಣೆಯ ವಾಸನೆ ಬಂತು. ನಮ್ಮ ಮನೆಯ ನಡುಕೋಣೆಯ ವಾಸನೆಯೇ ಅಜ್ಜಾ, ದಾವಣಗೆರೆ ಬಸ್ಸು ತಪ್ಪಿ ಬೆಣ್ಣೆ ಡಬ್ಬಿಗಳು ಮನೆಯಲ್ಲೇ ಉಳಿದ ದಿನದ್ದು. ಮಾಲಕಿ ಮಾರ್ಗರೆಟ್‌ಗೆ ಹೇಳಿದೆ. ಅವರು ಮೂಸಿ, ಏನೂ ಇಲ್ಲ ಎಂದರು. ಆದರೂ ಪೀಪಾಯಿ ಕಳಿಸಿದವರಿಗೆ ತಿಳಿಸಿದರು. ಅವರು ಪರೀಕ್ಷೆ ಮಾಡಿಸಿ ಎಲ್ಲವನ್ನೂ ವಾಪಸ್ ತರಿಸಿಕೊಂಡರು. ಆತುರಪಟ್ಟು ಪೀಪಾಯಿಗೆ ತುಂಬಿದರೆ ಅದರಲ್ಲಿ ಬೆಣ್ಣೆಯ ವಾಸನೆ ನಿಂತುಬಿಡುತ್ತದಂತೆ. ನಮಗೆ ಹೊಟ್ಟೆ ಹೊರೆದ ವಾಸನೆ ಇವರಿಗೆ ದೋಷ.

ಅಂದಿನಿಂದ ನನ್ನ ಮೂಗಿಗೆ ಊರಲ್ಲಿ ಭಾರಿ ಮರ್ಯಾದೆ. ಏಪ್ರಿಲಿನಲ್ಲಿ ಇಲ್ಲಿ ಬಿಟ್ಟರ್ ಸ್ಪರ್ಧೆ ನಡೆಯುತ್ತದೆ. ತೀರ್ಪುಗಾರರ ಪಟ್ಟಿಗೆ ಮಾರ್ಗರೆಟ್ ನನ್ನ ಹೆಸರು ಕೊಟ್ಟಿದ್ದಾರೆ. ಹೆದರಿಕೆಯಾಗುತ್ತಿದೆ. ಇನ್ನೊಂದು ಸಂಕಟವೂ ಇದೆ. ತೀರ್ಪುಗಾರರು ಎರಡು ಗುಟುಕು ಕುಡಿದು ಮಿಕ್ಕದ್ದನ್ನು ಬಕೆಟ್ಟಿಗೆ ಸುರಿಯುತ್ತಾರೆ. ನಿನ್ನ ಪಂಕ್ತಿಯಲ್ಲಿ ಉಂಡು ಬೆಳೆದ ನನಗೆ ಅದಕ್ಕೆ ಕೈ ಬರುವುದಿಲ್ಲ. ಐವತ್ತು ವರ್ಷ ಬೆಣ್ಣೆಗೆ ರುಚಿ ಹೇಳಿದವನು ನೀನು. ಹೇಗೆ ಮಾಡಲಿ, ಬರೆ.

ನಿನ್ನ
ದುರ್ಗಾ


ಬಸವಾಪಟ್ಟಣ
ಫೆಬ್ರುವರಿ 27, 2024

ದುರ್ಗಾ, ನನ್ನ ತಾಯಿ,

ನಾವೆಲ್ಲ ಚೆನ್ನಾಗಿದ್ದೇವೆ, ಮಂಡಿಯೊಂದನ್ನು ಬಿಟ್ಟು. ನಿನ್ನ ಕಾಗದವನ್ನು ಬಸ್ ಸ್ಟ್ಯಾಂಡಿನ ಟೀ ಅಂಗಡಿಗೆ ಒಯ್ದು ಎಲ್ಲರಿಗೂ ಓದಿ ಹೇಳಿದೆ. ಕನ್ನಡಕ ಒರೆಸುವ ನೆಪದಲ್ಲಿ ಒಂದೆರಡು ಸಲ ನಿಲ್ಲಿಸಬೇಕಾಯಿತು. ಹೊನ್ನಾಳಿ, ನ್ಯಾಮತಿ ಕಡೆಯ ಹಳ್ಳಿಗಳಿಂದ ಬೆಣ್ಣೆ ತರಿಸಿ ದಾವಣಗೆರೆಯ ದೋಸೆ ಹೋಟೆಲುಗಳಿಗೆ ಕಳಿಸಿದ್ದು ನಾನು. ಡಬ್ಬಿಯ ಪಕ್ಕ ಕೂತು ಬೆರಳು ಚೀಪುತ್ತಿದ್ದವಳು ಇಂಗ್ಲೆಂಡಿನವರಿಗೆ ತೀರ್ಪು ಹೇಳುತ್ತಾಳೆ ಅಂದರೆ ಹುಡುಗಾಟವೇ.

ಅದು ಬಾರ್ಲಿ ನೀರು ಎಂದು ಓದಿದ ಕೂಡಲೇ ಗೊತ್ತಾಯಿತು. ನಮ್ಮ ಡಬ್ಬಿಗಳಿಗೆ ಬೆಸುಗೆ ಹಾಕುತ್ತಿದ್ದ ಸುಬಾನಸಾಬನಿಗೆ ಮೂತ್ರದಲ್ಲಿ ಕಲ್ಲಾದಾಗ ಡಾಕ್ಟರು ಅದನ್ನೇ ಕುಡಿಸಿದ್ದರು. “ಅದು ಸಪ್ಪಗಿರ್ತೈತೆ ಮಹೇಶಣ್ಣ, ಕಹಿ ಎಲ್ಲಿರ್ತೈತೆ” ಎಂದು ಅವನು ತಕರಾರು ತೆಗೆದ. ಹೂ ಹಾಕುವುದನ್ನು ಓದಿ ತೋರಿಸಿದ ಮೇಲೆ ಸುಮ್ಮನಾದ. ಮುದುಕರು ಸಂಜೆ ಹೊತ್ತು ಔಷಧಿ ಕುಡಿಯುವ ಊರು ಒಳ್ಳೆಯ ಊರೇ ಇರಬೇಕು.

ಈಗ ಕೇಳು. ಮೊದಲು ಬಣ್ಣ ನೋಡು. ಆಮೇಲೆ ಮೂಸು. ಮೂಸಿದ ಕೂಡಲೇ ಮಾತಾಡಬೇಡ, ಮೊದಲ ವಾಸನೆ ಚಾಡಿ ಹೇಳುತ್ತದೆ. ಆಮೇಲೆ ಬಾಯಿಗೆ ಬಿಟ್ಟುಕೊ. ಮಾಡಿದವರು ಯಾರು ಎಂದು ತಿಳಿಯಲು ಹೋಗಬೇಡ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನುವ ಮಾತು ನಮ್ಮ ಮನೆಗೆ ಬರಬಾರದು.

ಬಕೆಟ್ಟಿನ ಮಾತು ಓದಿ ನನಗೆ ಸಿಟ್ಟು ಬಂತು. ಬಾರ್ಲಿ ಧಾನ್ಯವಲ್ಲವೇ? ಒಬ್ಬ ಬೆಳೆದದ್ದನ್ನು, ಇನ್ನೊಬ್ಬ ಬೇಯಿಸಿದ್ದನ್ನು ಎರಡು ಗುಟುಕು ನೋಡಿ ಬಕೆಟ್ಟಿಗೆ ಸುರಿದರೆ ಅವನಿಗೆ ತೀರ್ಪು ಹೇಳುವ ಯೋಗ್ಯತೆ ಎಲ್ಲಿಂದ ಬರಬೇಕು? ಅವರು ಚೆಲ್ಲಿದರೆ ಚೆಲ್ಲಲಿ. ದಾಸೋಹದಲ್ಲಿ ನಾವು ತಟ್ಟೆ ತೊಳೆದು ಆ ನೀರನ್ನೂ ಕುಡಿಯುತ್ತೇವಲ್ಲ, ಹಾಗೇ ನೀನು ಕೊಟ್ಟದ್ದನ್ನು ಪೂರ್ತಿ ಕುಡಿ, ಲೋಟಕ್ಕೆ ನೀರು ಹಾಕಿ ಅದನ್ನೂ ಕುಡಿ. ನನ್ನ ಮೇಲಿನ ಆಣೆ ಎಂದು ತಿಳಿ. ಹೊಟ್ಟೆಗೂ ತಂಪು.

ಒಂದು ಫೋಟೋ ಕಳಿಸು. ಜಗಳೂರಿನಿಂದ ನಿನ್ನ ಶೈಲಾ ಚಿಕ್ಕಮ್ಮ ಬಂದಾಗ ತೋರಿಸಬೇಕು.

ನಿನ್ನ ಅಜ್ಜ
ಮಹೇಶ್ವರಪ್ಪ


ಥಾರ್ನ್‌ಬೆಕ್
ಏಪ್ರಿಲ್ 23, 2024

ಅಜ್ಜನಿಗೆ,

ಸ್ಪರ್ಧೆ ಮುಗಿಯಿತು. ಎಲ್ಲ ಚೆನ್ನಾಗಿಯೇ ಆಯಿತು. ನೀನು ಹೇಳಿದಂತೆ ಒಂದು ಹನಿಯನ್ನೂ ಚೆಲ್ಲಲಿಲ್ಲ. ಲೋಟ ತೊಳೆದೇ ಕುಡಿದೆ. ಅಕ್ಕಪಕ್ಕದವರು ಮೊದಮೊದಲು ನಕ್ಕರು, ಆಮೇಲೆ ನಗಲಿಲ್ಲ.

ಫೋಟೋ ಇದರಲ್ಲೇ ಇದೆ. ಹಸಿರು ಸ್ವೆಟರಿನವಳು ನಾನು. ಹಿಂದೆ ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತ ಮುದುಕರು ನಾರ್ಮನ್. ಮನೆಯ ಹಿಂದಿನ ಕಲ್ಲಿನ ಕೊಟ್ಟಿಗೆಯಲ್ಲಿ ಒಬ್ಬರೇ ಬಿಟ್ಟರ್ ಮಾಡುತ್ತಾರೆ. ಅವರದು ಕೊನೆಯ ಸ್ಥಾನಕ್ಕೆ ಹೋಯಿತು. ಯಾರಾದರೂ ಕೊನೆಗೆ ಹೋಗಲೇಬೇಕಲ್ಲ.

ಹೆಚ್ಚು ಬರೆಯಲು ತೋಚುತ್ತಿಲ್ಲ. ಮಾರನೆಯ ದಿನ ತಲೆ ನೋಯುತ್ತಿತ್ತು, ಇಲ್ಲಿ ಶೀತಗಾಳಿ ಜಾಸ್ತಿ. ಮಾತ್ರೆ ತಪ್ಪಿಸಬೇಡ.

ದುರ್ಗಾ


ಬಸವಾಪಟ್ಟಣ
ಮೇ 19, 2024

ದುರ್ಗಾ,

ಕಾಗದ ಚಿಕ್ಕದಾಯಿತು. ದೊಡ್ಡ ಮನುಷ್ಯಳಾದೆ, ಪುರುಸೊತ್ತಿಲ್ಲ ಎಂದುಕೊಂಡೆ.

ಫೋಟೋ ಕೈಯಿಂದ ಕೈಗೆ ಹೋಗಿ ಮೂಲೆ ಮಡಚಿದೆ. ಲೋಟದ ಮೇಲಿನ ನೊರೆ ನೋಡಿ, ಆಗ ತಾನೇ ಕರೆದ ಹಾಲಿನಂತಿದೆ ಎಂದೆ. ಸುಬಾನಸಾಬನ ಮಗಳು ನುಜಹತ್ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ ಅಲ್ಲವೇ, ಫೋಟೋದಲ್ಲಿ ಹಿಂದೆ ಕಾಣುವ ಬೋರ್ಡು ಓದಿ ಹೇಳವ್ವ ಎಂದು ಅವರ ಮನೆಗೆ ಹೋಗಿ ಅವಳಿಗೆ ಕೊಟ್ಟೆ. ಸ್ವಲ್ಪ ಹೊತ್ತು ನೋಡಿದಳು. ಸ್ಪರ್ಧೆ ಅಂತ ಬರೆದೈತೆ ಅಜ್ಜಾರೆ ಎಂದು ಹೇಳಿ ಟೀ ಮಾಡಲು ಒಳಗೆ ಹೋದಳು. ಟೀ ತರಲು ಬಹಳ ಹೊತ್ತಾಯಿತು.

ಆ ಟೋಪಿಯ ಮುದುಕನ ಮುಖ ನನಗೆ ಸರಿಬರಲಿಲ್ಲ. ಸೋತವನ ಮುಖ ನಾನು ಬಲ್ಲೆ, ಅವನು ಬೈದುಕೊಂಡು ಹೋಗುತ್ತಾನೆ. ಇವನು ಏನನ್ನೋ ಕಳೆದುಕೊಂಡವನಂತೆ ನೆಲ ನೋಡುತ್ತಿದ್ದಾನೆ. ಈಗ ಹೇಗಿದ್ದಾನೆ, ಬರೆ.

ಅಜ್ಜ


ಥಾರ್ನ್‌ಬೆಕ್
ಜುಲೈ 7, 2024

ಅಜ್ಜಾ,

ಈ ಕಾಗದವನ್ನು ಟೀ ಅಂಗಡಿಗೆ ಒಯ್ಯಬೇಡ. ಒಬ್ಬನೇ ಕೂತು ಓದು.

ಅದು ಬಾರ್ಲಿ ನೀರಲ್ಲ. ಬಾರ್ಲಿ ಕುದಿಸಿದ ನೀರಿಗೆ ಹೂ ಹಾಕುತ್ತಾರೆ ಎಂದು ಬರೆದೆ. ಅದು ಆರಿದ ಮೇಲೆ ಹೆಪ್ಪು ಹಾಕಿ, ಹುಳಿದು ಅಮಲು ಕಟ್ಟಲು ಬಿಡುತ್ತಾರೆ ಎಂಬ ಮಾತನ್ನು ಬೇಕೆಂದೇ ಬಿಟ್ಟೆ. ಅದು ಬಿಯರ್. ನಾನು ಕೆಲಸ ಮಾಡುವುದು ಬಿಯರ್ ಮಾರುವ ಜಾಗದಲ್ಲಿ. ನೀನು ಬಾರ್ಲಿ ನೀರು ಎಂದು ಬರೆದಾಗ ನನಗೆ ಬದುಕಿದೆಯಾ ಬಡಜೀವವೇ ಅನ್ನಿಸಿತು. ಸುಳ್ಳನ್ನು ನಾನು ಹೇಳಬೇಕಾಗಲಿಲ್ಲ, ನೀನೇ ಹೇಳಿಕೊಂಡೆ. ನಾನು ಸುಮ್ಮನಿದ್ದರೆ ಸಾಕಿತ್ತು, ಸುಮ್ಮನಿದ್ದೆ.

ನಿನ್ನ ಆಣೆಯನ್ನು ಮಾತ್ರ ಮೀರಲಿಲ್ಲ. ಮುಚ್ಚಿಟ್ಟದ್ದಕ್ಕೆ ಪರಿಹಾರ ಎಂಬಂತೆ ಪಾಲಿಸಿದೆ. ಪ್ರತಿಯೊಂದು ಲೋಟವನ್ನೂ ಪೂರ್ತಿ ಕುಡಿದೆ, ತೊಳೆದ ನೀರನ್ನೂ ಕುಡಿದೆ. ಎಂದೂ ಕುಡಿಯದವಳು ನಾನು. ಅಡುಗೆಮನೆಯಲ್ಲಿ ಮೂಸಿದ್ದಷ್ಟೇ. ಮೊದಲ ಕೆಲವನ್ನು ಸರಿಯಾಗಿಯೇ ಹೇಳಿದೆ. ಆಮೇಲೆ ಕಿವಿ ಬಿಸಿಯಾಯಿತು, ನಾಲಗೆ ಮರಗಟ್ಟಿತು. ನನಗೆ ಅದು ಖುಷಿ ಅನ್ನಿಸಿತು ಅಜ್ಜಾ, ಅದೇ ಈಗ ನಾಚಿಕೆ. ಚೀಟಿ ಎತ್ತಿದ ಸರದಿಯಲ್ಲಿ ನಾರ್ಮನ್ ಅವರ ಲೋಟ ಬಂದದ್ದು ಕೊನೆಗೆ.

ಒಳ್ಳೆಯ ಬಿಟ್ಟರ್ ಜೋರಾಗಿ ಮಾತಾಡುವುದಿಲ್ಲ. ಉಳಿದವು ನನ್ನ ಬಾಯಲ್ಲಿ ಕೂಗಾಡಿ ಹೋಗಿದ್ದವು, ಇದು ಕೇಳಿಸಲೇ ಇಲ್ಲ. ನನ್ನ ಮೇಜಿನಲ್ಲಿದ್ದ ಇನ್ನೊಬ್ಬರು ಚೆನ್ನಾಗಿದೆ ಎಂದರು. ನಾನು ಸಪ್ಪೆ ಎಂದೆ. ಬೆಣ್ಣೆಯ ವಾಸನೆ ಕಂಡುಹಿಡಿದವಳು ನೀನೇ ಅಲ್ಲವೇ ಎಂದು ಅವರು ನನ್ನ ಮಾತಿಗೆ ಬಿಟ್ಟರು. ನಾನು ಅಷ್ಟಕ್ಕೂ ನಿಲ್ಲಲಿಲ್ಲ. ನಿನ್ನ ಮೊಮ್ಮಗಳಲ್ಲವೇ, ಕಾರಣವನ್ನೂ ಹೇಳಿದೆ. ಇದರ ಹೆಪ್ಪಿಗೆ ವಯಸ್ಸಾಗಿದೆ, ಜೀವವಿಲ್ಲ ಎಂದೆ. ಅದನ್ನೇ ಮೈಕಿನಲ್ಲಿ ಓದಿದರು.

ಆ ಹೆಪ್ಪನ್ನು ನಾರ್ಮನ್ ಅವರ ತಂದೆ ಕೊಟ್ಟಿದ್ದಂತೆ. ಒಂದು ಸಲ ಮಾಡಿದ್ದರ ಮೇಲಿನ ಕೆನೆ ತೆಗೆದು ಮುಂದಿನದಕ್ಕೆ ಹಾಕುತ್ತಾ, ನಾವು ಮೊಸರು ನಡೆಸಿಕೊಂಡು ಬಂದ ಹಾಗೆ ನಡೆಸಿಕೊಂಡು ಬಂದಿದ್ದರು. ಮನೆಗೆ ಹೋಗಿ ಅಷ್ಟನ್ನೂ ಮೋರಿಗೆ ಸುರಿದು ಪಾತ್ರೆ ತೊಳೆದಿಟ್ಟರು.

ಜೂನಿನಲ್ಲಿ ಮಾರ್ಗರೆಟ್ ಅವರ ನೆಲಮಾಳಿಗೆಯಲ್ಲಿ ನಾರ್ಮನ್ ಅವರ ಹಳೆಯ ಬಿಟ್ಟರ್ ಒಂದು ಪೀಪಾಯಿ ಉಳಿದಿತ್ತು, ಹೆಪ್ಪನ್ನೆಲ್ಲ ಸೋಸಿ ತೆಗೆದು ತುಂಬಿದ್ದು. ಬೆಳಗ್ಗೆ, ಖಾಲಿ ಬಾಯಲ್ಲಿ, ಒಂದೇ ಗುಟುಕು ನೋಡಿದೆ. ಬೆಲ್ಲದ ಪಾಕದ ಅಂಚು ಸೀದಾಗ ಬರುವ ಸಿಹಿ ಮೊದಲು. ಅದು ಹೋಗುತ್ತಿದ್ದ ಹಾಗೆ ಮೆಲ್ಲಗೆ ಕಹಿ, ಎಳೆ ಹಾಗಲದ್ದು. ನುಂಗಿದ ಮೇಲೂ ಆ ಕಹಿ ಹೋಗದೆ, ಇನ್ನೊಂದು ಗುಟುಕು ಕುಡಿ ಎನ್ನುತ್ತಾ ಕೂತಿತ್ತು. ಯಾವ ದೋಷವೂ ಇಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ.

ಆ ಸಂಜೆ ನಾರ್ಮನ್ ಬಂದಿದ್ದರು, ಊಟಕ್ಕೆ. ಅವರ ಮಾತನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ. “ನೀನು ಹೇಳಿದ್ದು ಒಳ್ಳೇದಾತು ಮಗಳೆ. ನನಗೆ ಅದು ಚಲೋ ಅನ್ನಿಸ್ತಿತ್ತು. ನಾಲಗಿಗೂ ವಯಸ್ಸಾಗ್ತೈತೆ, ನೋಡು, ಗೊತ್ತೇ ಆಗಲ್ಲ” ಎಂದರು. ಥ್ಯಾಂಕ್ಸ್ ಕೂಡ ಹೇಳಿದರು. ನಾನು ಅವರ ತಟ್ಟೆಗೆ ಇನ್ನೊಂದು ಆಲೂಗಡ್ಡೆ ಹಾಕಿ ಒಳಗೆ ಬಂದೆ.

ನಿಜ ಹೇಳಿದರೆ ತೀರ್ಪುಗಾರ್ತಿಯ ಜಾಗ ಹೋಗುತ್ತದೆ, ಮಾರ್ಗರೆಟ್ ಅವರ ಮರ್ಯಾದೆಯೂ ಹೋಗುತ್ತದೆ. ಮರೆತುಬಿಡು ಎನ್ನುತ್ತಾರೆ ಅವರು. ಹೇಳಿದರೂ ಹೆಪ್ಪು ತಿರುಗಿ ಬರುತ್ತದೆಯೇ? ನೀನು ಬೈಯಿ ಅಜ್ಜಾ. ಬೈದಾದರೂ ಬರೆ.

ದುರ್ಗಾ


ಥಾರ್ನ್‌ಬೆಕ್
ಆಗಸ್ಟ್ 25, 2024

ಅಜ್ಜಾ,

ನಿನ್ನಿಂದ ಕಾಗದವಿಲ್ಲ. ಅಂಚೆಯವನ ವ್ಯಾನು ಕಂಡರೆ ಕೈ ಒರೆಸಿಕೊಂಡು ಹೊರಗೆ ಬರುತ್ತೇನೆ. ಅಮ್ಮನಿಗೆ ಫೋನ್ ಮಾಡಿದರೆ, ಅಜ್ಜ ಟೀ ಅಂಗಡಿಗೆ ಹೋಗುವುದನ್ನೇ ಬಿಟ್ಟಿದ್ದಾನೆ, ಏನಾಗಿದೆಯೋ ಎಂದಳು. ನನಗೆ ಗೊತ್ತು ಏನಾಗಿದೆ ಎಂದು. ನಿನ್ನ ಮುಖಕ್ಕೆ ಮಸಿ ಬಳಿದೆ. ಇಷ್ಟು ಮಾತ್ರ ಬರೆಯುತ್ತೇನೆ.

ದುರ್ಗಾ


ಬಸವಾಪಟ್ಟಣ
ಸೆಪ್ಟೆಂಬರ್ 15, 2024

ದುರ್ಗಾ, ನನ್ನ ತಾಯಿ,

ನಿನ್ನ ಮೇಲಿನ ಸಿಟ್ಟಿಗೆ ನಾನು ಬರೆಯಲಿಲ್ಲ ಎಂದುಕೊಂಡೆಯಲ್ಲ, ಅದು ತಪ್ಪು. ಬರೆಯುವ ಮುಖ ನನಗಿರಲಿಲ್ಲ.

ಅದು ಏನೆಂದು ನಿನ್ನ ದೊಡ್ಡ ಕಾಗದ ಬರುವ ಮೊದಲೇ ನನಗೆ ಗೊತ್ತಾಗಿತ್ತು. ನುಜಹತ್ ಟೀ ತರಲು ಅಷ್ಟು ಹೊತ್ತು ಮಾಡಿದ್ದು ತಲೆಯಲ್ಲಿ ಕೊರೆಯುತ್ತಿತ್ತು. ಒಂದು ದಿನ ಸೂಳೆಕೆರೆ ಏರಿಯ ಮೇಲೆ ಕೂತಿದ್ದಾಗ ಸುಬಾನಸಾಬನನ್ನೇ ಕೇಳಿದೆ. ನೀರು ನೋಡುತ್ತಾ ಹೇಳಿದ, ನನ್ನ ಕಿವಿಗೆ ಬೀಳುವ ಹಾಗೆ ಜೋರಾಗಿ. “ಬಾರ್ಲಿ ನೀರಿಗೆ ಅಷ್ಟು ನೊರೆ ಬರಲ್ಲ ಮಹೇಶಣ್ಣ. ನಮಗೆಲ್ಲ ಅವತ್ತೇ ಗೊತ್ತಾತು. ನೀವು ಖುಷಿಯಾಗಿದ್ರಿ, ಯಾರು ಹೇಳ್ತಾರೆ.” ಇಡೀ ಟೀ ಅಂಗಡಿ ನನ್ನ ಮರ್ಯಾದೆ ಕಾಯುತ್ತಾ ತಲೆ ಅಲ್ಲಾಡಿಸಿತ್ತು. ಗೊತ್ತಾದ ಮೇಲೂ ನಿನಗೆ ಬರೆಯಲಿಲ್ಲ. ಮೊಮ್ಮಗಳು ತಾನಾಗಿ ಹೇಳಲಿ ಎಂದು ಕಾದೆ ಎಂದು ಹೇಳಬಹುದು, ಆದರೆ ಅದು ಪೂರ್ತಿ ನಿಜವಲ್ಲ. ನಾನೂ ಸುಮ್ಮನಿದ್ದರೆ ಸಾಕು ಎಂದು ಸುಮ್ಮನಿದ್ದೆ. ನೀನು ಎಲ್ಲಿ ಕಲಿತೆ ಎಂದು ಈಗ ಕೇಳಬೇಕಾಗಿಲ್ಲ.

ನೀನು ಕುಡಿದದ್ದು ನನಗೆ ಹಿಡಿಸಲಿಲ್ಲ. ಅದನ್ನು ಒಂದೇ ಸಲ ಬರೆಯುತ್ತೇನೆ. ಆದರೆ ಕುಡಿಸಿದವನು ನಾನು. ಏನು ಎತ್ತ ಎಂದು ತಿಳಿಯದೆ, ಕಾಣದ ಊರಿನ ಕಾಣದ ಲೋಟಕ್ಕೆ ಆಣೆ ಇಟ್ಟೆ. ಬೆಣ್ಣೆ ವ್ಯಾಪಾರದಲ್ಲಿ ನಾನು ಡಬ್ಬಿಯನ್ನೆಲ್ಲ ತಿಂದು ಬೆಲೆ ಹೇಳುತ್ತಿದ್ದೆನೇ? ಬೆರಳ ತುದಿ ನೆಕ್ಕಿ, ಬಿಸಿನೀರಲ್ಲಿ ಬಾಯಿ ಮುಕ್ಕಳಿಸುತ್ತಿದ್ದೆ. ಅದನ್ನು ನೀನು ನೋಡಿದ್ದೆ, ನಾನೇ ಮರೆತು ದೊಡ್ಡ ಮಾತು ಬರೆದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಆ ಮುದುಕನ ಹೆಪ್ಪು ಮೋರಿಗೆ ಹೋದದ್ದರಲ್ಲಿ ಅರ್ಧ ಪಾಲು ನನ್ನದು. ಉಪ್ಪು ತಿಂದವನು ನೀರು ಕುಡಿಯಬೇಕು.

ನಿನಗೆ ‘ಹೋಗಿ ಹೇಳು’ ಎಂದು ಬರೆಯುವ ಮೊದಲು ನಾನು ಹೇಳಬೇಕಿತ್ತು. ಅದಕ್ಕೇ ಇಷ್ಟು ದಿನ ಹಿಡಿಯಿತು. ಮೊನ್ನೆ ಟೀ ಅಂಗಡಿಗೆ ಹೋಗಿ, ಕಾಗದ ಓದಿದ ಅದೇ ಬೆಂಚಿನ ಮೇಲೆ ಕೂತು ಹೇಳಿದೆ. ನನ್ನ ಮೊಮ್ಮಗಳು ರುಚಿ ಹೇಳಿದ್ದು ಬಿಯರಿಗೆ, ನನ್ನ ಮಾತು ಕೇಳಿ ತಪ್ಪು ಹೇಳಿದಳು, ಒಬ್ಬನ ಮನೆ ಹೆಪ್ಪು ಕೆಟ್ಟಿತು ಎಂದೆ. ಯಾರೂ ನಗಲಿಲ್ಲ. ಅಂಗಡಿಯ ಬಸವರಾಜ್ ಒಂದು ಮಾತು ಕೇಳಿದ. “ಹೆಪ್ಪು ಕೆಟ್ರೆ ಪಕ್ಕದ ಮನಿಂದ ತರ್ತಾರಲ್ಲ ಅಜ್ಜಾರೆ, ಆತ ಯಾರಿಗೂ ಕೊಟ್ಟಿರಲಿಲ್ಲೇನು?”

ನನಗೆ ಹೊಳೆಯದೆ ಹೋದದ್ದು ಇದು. ನಿನ್ನ ಅಜ್ಜಿಯ ಹೆಪ್ಪು ಎಷ್ಟು ಮನೆಗೆ ಹೋಗಿತ್ತು, ನಮ್ಮದು ಕೆಟ್ಟಾಗ ಯಾವ ಮನೆಯಿಂದ ತಿರುಗಿ ಬರುತ್ತಿತ್ತು, ನೆನೆಸಿಕೊ. ಆತನೂ ಕೊಟ್ಟಿದ್ದರೆ ಎಲ್ಲೋ ಇದ್ದೀತು. ಆದರೆ ಮೊದಲು ಹೆಪ್ಪಿನ ಮಾತು ಎತ್ತಬೇಡ. ಎಲ್ಲಿ ಮೈಕಿನಲ್ಲಿ ಓದಿದರೋ ಅಲ್ಲೇ, ಅದೇ ಜನರ ಮುಂದೆ, ತಪ್ಪು ಹೇಳಿದೆ ಎಂದು ಹೇಳು. ಆಮೇಲೆ ಕೇಳು. ಮೊದಲೇ ಕೇಳಿದರೆ ಅದು ವ್ಯಾಪಾರವಾಗುತ್ತದೆ.

ನನ್ನ ಆಣೆಯನ್ನು ವಾಪಸ್ ತೆಗೆದುಕೊಂಡಿದ್ದೇನೆ.

ಅಜ್ಜ


ಥಾರ್ನ್‌ಬೆಕ್
ಜನವರಿ 19, 2025

ಅಜ್ಜನಿಗೆ,

ಈ ಕಾಗದವನ್ನು ಬೇಕಾದರೆ ಟೀ ಅಂಗಡಿಗೆ ಒಯ್ಯಿ.

ಅಕ್ಟೋಬರಿನಲ್ಲಿ ಸ್ಪರ್ಧೆ ನಡೆದ ಸಭಾಂಗಣದಲ್ಲೇ ಬಿಟ್ಟರ್ ಮಾಡುವವರ ಸಂಘದ ಸಭೆಯಿತ್ತು. ಎದ್ದು ನಿಂತು ಹೇಳಿದೆ. ಅಷ್ಟೂ ಲೋಟ ಪೂರ್ತಿ ಕುಡಿದಿದ್ದೆ, ಕೊನೆಯದರ ರುಚಿ ನನಗೆ ತಿಳಿಯಲೇ ಇಲ್ಲ, ತಿಳಿಯಲಿಲ್ಲ ಎಂದು ಹೇಳುವ ಬದಲು ಸಪ್ಪೆ ಎಂದೆ, ಹೆಪ್ಪಿನ ಮಾತು ಕಟ್ಟಿ ಹೇಳಿದ್ದು ಎಂದೆ. ಯಾಕೆ ಚೆಲ್ಲಲಿಲ್ಲ ಎಂದು ಒಬ್ಬರು ಕೇಳಿದರು. ನಮ್ಮಲ್ಲಿ ಚೆಲ್ಲುವುದಿಲ್ಲ ಎಂದೆ, ಅದು ಅಲ್ಲಿ ಎಷ್ಟು ಪೆದ್ದಾಗಿ ಕೇಳಿಸಿತೆಂದರೆ! ತೀರ್ಪುಗಾರರ ಪಟ್ಟಿಯಿಂದ ಅಂದೇ ಹೆಸರು ತೆಗೆದರು. ಮಾರ್ಗರೆಟ್ ಈಗಲೂ ನನ್ನೊಡನೆ ಕೆಲಸದ ಮಾತಷ್ಟೇ ಆಡುತ್ತಾರೆ. ನಾರ್ಮನ್ ಟೋಪಿ ಹಾಕಿಕೊಂಡು ಎದ್ದು ಹೋದರು. ಆ ಬೆನ್ನನ್ನು ನಾನು ಮರೆಯುವುದಿಲ್ಲ.

ಆಮೇಲೆ ಹೆಪ್ಪಿನ ಮಾತು ಕೇಳಲು ಧೈರ್ಯ ಬರಲಿಲ್ಲ. ಎರಡು ಸಲ ಅವರ ಗೇಟಿನವರೆಗೆ ಹೋಗಿ ಬಂದೆ. ಮೂರನೆಯ ಸಲ ಅವರೇ ಬಾಗಿಲು ತೆಗೆದು, ಏನು ಬೇಕು ಎಂದರು. ನಮ್ಮೂರಿನ ಟೀ ಅಂಗಡಿಯವನೊಬ್ಬ ನಿಮಗೆ ಒಂದು ಪ್ರಶ್ನೆ ಕಳಿಸಿದ್ದಾನೆ ಎಂದು ಹೇಳಿ ಬಸವರಾಜ್ ಕೇಳಿದ್ದನ್ನು ಕೇಳಿದೆ. ಬೆಟ್ಟದ ಆ ಕಡೆಯ ಊರಿನಲ್ಲಿ ಒಬ್ಬ ಹೆಂಗಸಿಗೆ ಎಂದೋ ಕೊಟ್ಟಿದ್ದೆ, ಅವಳು ಬ್ರೆಡ್ಡಿಗೆ ಹಾಕುತ್ತಿದ್ದಳು ಎಂದರು.

ಇಬ್ಬರೂ ಬಸ್ಸಿನಲ್ಲಿ ಹೋದೆವು. ಆ ಹೆಂಗಸು ಅದನ್ನು ಇನ್ನೂ ನಡೆಸಿಕೊಂಡು ಬಂದಿದ್ದರು. ಹಾಲಿನ ಬಾಟಲಿಯಲ್ಲಿ ಹಾಕಿ ಕೊಟ್ಟರು. ವಾಪಸ್ ಬರುವಾಗ ಅದು ನನ್ನ ತೊಡೆಯ ಮೇಲಿತ್ತು, ನೀನು ದಾವಣಗೆರೆ ಬಸ್ಸಿನಲ್ಲಿ ಕೊನೆಯ ಡಬ್ಬಿಯನ್ನು ಇಟ್ಟುಕೊಳ್ಳುತ್ತಿದ್ದ ಹಾಗೆ. ತಿರುವುಗಳಲ್ಲಿ ನಾರ್ಮನ್ ಕೈ ಚಾಚಿ ಬಾಟಲಿಯ ಕತ್ತು ಹಿಡಿಯುತ್ತಿದ್ದರು.

ಮೊನ್ನೆ ಆ ಹೆಪ್ಪು ಹಾಕಿ ಮಾಡಿದ ಹೊಸ ಬಿಟ್ಟರ್ ಕೈಗೆ ಬಂತು. ಕೊಟ್ಟಿಗೆಗೆ ಕರೆದರು. ಲೋಟ ತುಂಬಿ ಮುಂದಿಟ್ಟು, ಹೇಳು ಎಂದರು. ನಾನು ಆ ಕೆಲಸ ಬಿಟ್ಟೆ ಎಂದೆ. ಲೋಟ ಇನ್ನೂ ಹತ್ತಿರ ತಳ್ಳಿದರು.

ಬಣ್ಣ ನೋಡಿದೆ. ಮೂಸಿದೆ, ಮೂಸಿದ ಕೂಡಲೇ ಮಾತಾಡಲಿಲ್ಲ. ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡೆ. ಚೆನ್ನಾಗಿದೆ ಎಂದುಬಿಡುವ ಆಸೆ ಎಷ್ಟಿತ್ತೆಂದು ನಿನಗೆ ಹೇಗೆ ಹೇಳಲಿ. ಹಾಗೆಂದರೆ ಎಲ್ಲ ಸರಿಹೋಗುತ್ತಿತ್ತು, ನಾನು ಮಾಡಿದ್ದು ಅಳಿಸಿಹೋಗುತ್ತಿತ್ತು. ಆದರೆ ಸಿಹಿ ಇತ್ತು, ಕಹಿಯೂ ಇತ್ತು, ನುಂಗಿದ ಮೇಲೆ ಕೂತು ಕರೆಯುತ್ತಿದ್ದ ಆ ಕೊನೆಯದು ಇರಲಿಲ್ಲ. ಬ್ರೆಡ್ಡಿನಲ್ಲಿ ಇದ್ದೂ ಇದ್ದೂ ಅದರ ಗುಣ ಬೇರೆಯಾಗಿತ್ತು.

“ಮೊದಲಿನಷ್ಟು ಇಲ್ಲ” ಎಂದೆ. ಕಣ್ಣು ತುಂಬಿತ್ತು, ಅವರ ಮುಖ ಸರಿಯಾಗಿ ಕಾಣಲಿಲ್ಲ.

ಅವರು ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. “ನನಗೂ ಹಂಗೇ ಅನ್ನಿಸ್ತು. ಬೆಳಗ್ಗಿಂದ ಹಂಗೇ ಅನ್ನಿಸ್ತೈತೆ” ಎಂದರು. ಇನ್ನೊಮ್ಮೆ, ತಮಗೇ ಎಂಬಂತೆ, “ನನ್ನ ನಾಲಗಿ ಸರಿ ಐತೆ” ಎಂದರು.

ನನ್ನ ಲೋಟದಲ್ಲಿ ಮಿಕ್ಕದ್ದು ಇನ್ನೂ ಹಾಗೇ ಇತ್ತು. ನಾನು ಕುಡಿಯಲಿಲ್ಲ ಅಜ್ಜಾ. ಅವರು ಅದನ್ನು ತಮ್ಮ ಕಡೆಗೆ ಎಳೆದುಕೊಂಡು ಪೂರ್ತಿ ಕುಡಿದರು.

ನಿನ್ನ
ದುರ್ಗಾ